ಜಾಜ್, ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಸಂಗೀತ), ಜನಪದ ಬೆರೆತ ಆಲ್ಬಂ ಯಾವುದಿದೆ?

ಕುಂದಾಪ್ರಿಯ (ಬೆಳಗಾವಿ): ಹಾಡು ಬೇಡ, ಬರೀ ವಾದ್ಯ ಇರಬೇಕು. ಮೊನ್ನೆ ಮಳೆಗೆ ಟಿಳಕವಾಡಿಯ ಚಹಾ ಅಂಗಡಿಯಲ್ಲಿ ನಿಂತಿದ್ದಾಗ ಯಾರದೋ ಫೋನಿನಲ್ಲಿ ಇಂಥದ್ದೇ ಗಿಟಾರ್ ಬರುತ್ತಿತ್ತು, ಹೆಸರು ಕೇಳೋಷ್ಟರಲ್ಲಿ ಅವರು ಬಸ್ ಹತ್ತಿಬಿಟ್ಟರು.

ಹಳೆಕ್ಯಾಸೆಟ್: ಅಮೆರಿಕದ ಜಾಜ್ ಗಿಟಾರ್ ವಾದಕ ಬಿಲ್ ಫ್ರಿಸೆಲ್ ಅವರ 'ಗುಡ್ ಡಾಗ್, ಹ್ಯಾಪಿ ಮ್ಯಾನ್' ಕೇಳಿ ಸರ್, 1999ರದು. ಹಳೆಯ ಅಮೆರಿಕನ್ ಜನಪದ ಹಾಡು 'ಶೆನಂಡೋವಾ' ಇದೆ, ಜೊತೆಗೆ ರೈ ಕೂಡರ್ ಗಿಟಾರ್. ಸ್ವರ ಬಿಟ್ಟು ಬಿಟ್ಟು ಬರುತ್ತದೆ, ಭಜನೆ ಮುಗಿದ ಮೇಲೂ ಏಕತಾರಿ ಮೀಟುತ್ತಿದ್ದ ಹಾಗೆ.

ಗೋಕಾಕಿನವ: ನನಗೆ 1997ರ 'ಬಿಯಾಂಡ್ ದ ಮಿಸೌರಿ ಸ್ಕೈ' ಜಾಸ್ತಿ ಇಷ್ಟ. ಚಾರ್ಲಿ ಹೇಡನ್ ಬೇಸ್ (ತಗ್ಗು ಸ್ವರದ ದೊಡ್ಡ ತಂತಿವಾದ್ಯ), ಪ್ಯಾಟ್ ಮೆಥೆನಿ ಗಿಟಾರ್. ಹೇಡನ್ ಚಿಕ್ಕಂದಿನಲ್ಲಿ ಮನೆಯವರ ಕಂಟ್ರಿ ತಂಡದಲ್ಲಿ ಹಾಡುತ್ತಿದ್ದವರು, ಅದು ಕೇಳಿದರೆ ಗೊತ್ತಾಗುತ್ತದೆ ಅಲ್ವಾ? ಸುಮ್ನೆ ಫೋನ್ ಸ್ಪೀಕರಿನಲ್ಲಿ ಹಾಕಬೇಡಿ, ಅರ್ಧ ಬೇಸ್ ಮಾಯ.

ಕುಂದಾಪ್ರಿಯ: ಇದೇ, ಇದೇ! ಹೆಡ್‌ಫೋನ್ ಹುಡುಕುತ್ತಿದ್ದೇನೆ.