ಉಯುನಿ ಉಪ್ಪುಬಯಲಿನಲ್ಲಿ ಸೈಕಲ್: ವೈದ್ಯರೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಬೊಲಿವಿಯಾದ ಸಲಾರ್ ದೆ ಉಯುನಿ ಉಪ್ಪುಬಯಲನ್ನು ಸೈಕಲ್ಲಿನಲ್ಲಿ ದಾಟಲು ಹೊರಟಿರುವ ಸದಸ್ಯರು ಈ ಸಲ ಹಲವರಿದ್ದಾರೆ. ಎತ್ತರದ ಪ್ರದೇಶಗಳ ಕಾಯಿಲೆಗಳನ್ನು ಬಲ್ಲ, ಸ್ವತಃ ಸೈಕಲ್ ಸವಾರರೂ ಆಗಿರುವ ಶ್ವಾಸಕೋಶ ತಜ್ಞರೊಬ್ಬರು ಉತ್ತರಿಸಲು ಒಪ್ಪಿದ್ದಾರೆ. ಪ್ರಶ್ನೆ ಹಾಕುವ ಮೊದಲು ಮೇಲಿನ ಉತ್ತರಗಳನ್ನು ಓದಬೇಕೆಂದು ವಿನಂತಿ.

ಮಂದಗತಿ: ನಮಸ್ಕಾರ ಡಾಕ್ಟರ್. ನಾನು ಲಾ ಪಾಸ್‌ಗೆ ವಿಮಾನದಲ್ಲಿ ಹೋಗಿ, ಅಂದೇ ರಾತ್ರಿಯ ಬಸ್ಸಿನಲ್ಲಿ ಉಯುನಿಗೆ ಬಂದು, ಮರುದಿನ ಕೊಲ್ಚಾನಿ ಹಳ್ಳಿಯಿಂದ ಬಯಲಿಗಿಳಿಯುವ ಯೋಚನೆಯಲ್ಲಿದ್ದೇನೆ. ಬಯಲು ಸಮತಟ್ಟಾಗಿರುವುದರಿಂದ ದಣಿವು ಕಡಿಮೆಯಿರಬಹುದಲ್ಲವೇ?

ವೈದ್ಯರು: ನಮಸ್ಕಾರ. ನೆಲ ಸಮತಟ್ಟಾಗಿರುವುದು ನಿಮ್ಮ ಕಾಲುಗಳಿಗೆ ಅನುಕೂಲವೇ ಹೊರತು ಶ್ವಾಸಕೋಶಕ್ಕಲ್ಲ. ಲಾ ಪಾಸ್‌ಗೆ ಹೋಗುವ ವಿಮಾನ ಇಳಿಯುವ ಎಲ್ ಆಲ್ಟೊ ನಿಲ್ದಾಣ 4,061 ಮೀಟರ್ ಎತ್ತರದಲ್ಲಿದೆ, ಉಪ್ಪುಬಯಲು ಸುಮಾರು 3,656 ಮೀಟರ್ ಎತ್ತರದಲ್ಲಿದೆ. ಅಲ್ಲಿಯೂ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇಕಡಾ 21 ಇರುತ್ತದೆ, ಆದರೆ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಮೂರನೇ ಎರಡು ಭಾಗದಷ್ಟು ಮಾತ್ರ. 3,000 ಮೀಟರಿನ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ನಿಲ್ಲಬೇಕು ಎಂಬುದು ಸಾಮಾನ್ಯ ನಿಯಮ. ನಿಮ್ಮ ಯೋಜನೆ ಇದನ್ನು ಮೊದಲ ಗಂಟೆಯಲ್ಲೇ ಮುರಿಯುತ್ತದೆ. ತಗ್ಗಿನಲ್ಲಿರುವ ಸಾಂತಾ ಕ್ರೂಸ್‌ಗೆ ಬಂದಿಳಿದು, ಸುಮಾರು 2,550 ಮೀಟರಿನ ಕೊಚಬಾಂಬಾದಲ್ಲಿಯೋ 2,800 ಮೀಟರಿನ ಸುಕ್ರೆಯಲ್ಲಿಯೋ ಮೂರು ನಾಲ್ಕು ರಾತ್ರಿ ಕಳೆದು ಮುಂದೆ ಹೋಗಿ. ಸುಕ್ರೆಯಿಂದ ಉಯುನಿಗೆ ಹೋಗುವ ದಾರಿ 4,000 ಮೀಟರ್ ಮೀರಿದ ಪೊಟೊಸಿಯ ಮೂಲಕ ಸಾಗುತ್ತದೆ, ಅಲ್ಲಿ ತಂಗಬೇಡಿ. ಉಯುನಿ ಪಟ್ಟಣ ತಲುಪಿದ ಮೇಲೂ ಎರಡು ದಿನ ಸೈಕಲ್ಲಿಗೆ ಬಿಡುವು ಕೊಡಿ.

ಹೊಸ ಪೆಡಲು: ಎತ್ತರದ ಕಾಯಿಲೆ ಬಾರದಂತೆ ಕೊಡುವ ಡಯಾಮಾಕ್ಸ್ ಮಾತ್ರೆ ತೆಗೆದುಕೊಂಡರೆ ಇಷ್ಟೆಲ್ಲ ಕಾಯುವ ಅಗತ್ಯವಿದೆಯೇ? ನನಗೆ ಒಮ್ಮೆ ಸಲ್ಫಾ ಔಷಧಿಯಿಂದ ಮೈಮೇಲೆ ದದ್ದು ಎದ್ದಿತ್ತು.

ವೈದ್ಯರು: ಆ ಮಾತ್ರೆ ದೇಹ ಹೊಂದಿಕೊಳ್ಳುವುದನ್ನು ಚುರುಕುಗೊಳಿಸುತ್ತದೆ, ಅದರ ಬದಲಿಗೆ ನಿಲ್ಲುವುದಿಲ್ಲ. ಅದೂ ಸಲ್ಫಾ ವರ್ಗದ್ದೇ, ಆದ್ದರಿಂದ ದದ್ದಿನ ವಿಷಯವನ್ನು ನಿಮ್ಮ ವೈದ್ಯರಿಗೆ ತಿಳಿಸದೆ ಒಂದು ಮಾತ್ರೆಯನ್ನೂ ನುಂಗಬೇಡಿ.

ಶುಭೋದಯ: ಎಲ್ಲರಿಗೂ ಉಪಯೋಗವಾಗಲೆಂದು ನನಗೆ ಬಂದ ಸಂದೇಶವೊಂದನ್ನು ಕಳುಹಿಸುತ್ತಿದ್ದೇನೆ: “ಎತ್ತರದ ಕಾಯಿಲೆಗೆ ರಾಮಬಾಣ! ಕರ್ಪೂರವನ್ನು ಬಟ್ಟೆಯಲ್ಲಿ ಕಟ್ಟಿ ಗಂಟೆಗೊಮ್ಮೆ ಮೂಸಿದರೆ ರಕ್ತದ ಆಮ್ಲಜನಕ ಕೂಡಲೇ ಏರುತ್ತದೆ. ಹಸಿ ಬೆಳ್ಳುಳ್ಳಿ ಎಂಟು ಎಸಳು. ದಿನಕ್ಕೆ ಎಂಟು ಲೀಟರ್ ನೀರು.”

ವೈದ್ಯರು: ಕರ್ಪೂರ ಮೂಗಿಗೆ ತಂಪೆನಿಸುತ್ತದೆ, ರಕ್ತದ ಆಮ್ಲಜನಕವನ್ನು ಏರಿಸುವುದಿಲ್ಲ, ಅಕಸ್ಮಾತ್ ಹೊಟ್ಟೆಗೆ ಹೋದರೆ ಫಿಟ್ಸ್ ಬರಿಸಬಲ್ಲ ವಿಷ ಅದು. ಬೆಳ್ಳುಳ್ಳಿಯನ್ನು ಅಡುಗೆಗೆ ಇಟ್ಟುಕೊಳ್ಳಿ. ಬಾಯಾರಿಕೆಗೂ ಬೆವರಿಗೂ ಸಂಬಂಧವಿಲ್ಲದೆ ಎಂಟು ಲೀಟರ್ ನೀರು ಕುಡಿದರೆ ರಕ್ತದ ಸೋಡಿಯಂ ಕುಸಿಯುತ್ತದೆ. ಆಗ ಬರುವ ತಲೆನೋವು, ವಾಕರಿಕೆ, ಗೊಂದಲಗಳು ಎತ್ತರದ ಕಾಯಿಲೆಯವೇ ಎನಿಸುವಂತಿರುತ್ತವೆ.

ಬಿಳಿಬಯಲು: ಉಪ್ಪಿನ ಮೇಲೆ ಬಿಸಿಲಿನಿಂದ ಕಣ್ಣು ಕೆಡುತ್ತದೆ ಎಂಬುದು ನಿಜವೇ? ನಾನು ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತೇನೆ, ಅದರಿಂದ ತೊಂದರೆಯಿದೆಯೇ ಎಂಬುದನ್ನೂ ತಿಳಿಸಿ.

ವೈದ್ಯರು: ನಿಜ. ಸಾಮಾನ್ಯ ರಸ್ತೆಯಲ್ಲಿ ಬಿಸಿಲು ಮೇಲಿನಿಂದ ಬೀಳುತ್ತದೆ, ಟೋಪಿ ಅದನ್ನು ತಡೆಯುತ್ತದೆ. ಇಲ್ಲಿ ಒಣಗಿದ ಬಿಳಿ ಉಪ್ಪು ಬೆಳಕನ್ನು ಕೆಳಗಿನಿಂದಲೂ ಎಸೆಯುತ್ತದೆ, ಜೊತೆಗೆ ಎತ್ತರ ಹೆಚ್ಚಿದಂತೆ ನೇರಳಾತೀತ ಕಿರಣಗಳೂ ಬಲಿಯುತ್ತವೆ. ಆದ್ದರಿಂದ ಗಲ್ಲದ ಅಡಿಭಾಗ, ಮೂಗಿನ ಹೊಳ್ಳೆಗಳ ಒಳಅಂಚು, ಕಿವಿಯ ಹಿಂಭಾಗ ಸುಡುತ್ತವೆ. ಏದುಸಿರಿನಿಂದ ಬಾಯಿ ತೆರೆದೇ ಪೆಡಲು ತುಳಿಯುವವರಿಗೆ ಅಂಗುಳು ಕೂಡ ಸುಡುವುದುಂಟು. ಕಣ್ಣಿನ ಕಪ್ಪುಗುಡ್ಡೆಯ ಮೇಲ್ಪದರ ಸುಟ್ಟದ್ದು ಆ ಹೊತ್ತಿಗೆ ತಿಳಿಯುವುದೇ ಇಲ್ಲ. ಆರೇಳು ಗಂಟೆ ಕಳೆದು, ಗುಡಾರದೊಳಗೆ ಮಲಗಿದ ಮೇಲೆ, ಕಣ್ಣಿಗೆ ಮರಳು ಸುರಿದಂತಹ ಉರಿ ಶುರುವಾಗುತ್ತದೆ. ಮರುದಿನ ಕಣ್ಣು ಬಿಡಲಾಗದ ಸವಾರ ಆ ಬಯಲಿನ ನಡುವೆ ಏನು ಮಾಡಿಯಾನು? ಪಕ್ಕಗಳನ್ನೂ ಮುಚ್ಚುವ ಗಾಢ ಕನ್ನಡಕ ಬೇಕು. ಒಂದು ಒಡೆದರೆಂದು ಇನ್ನೊಂದು ಚೀಲದಲ್ಲಿರಬೇಕು.

ಹೊಸ ಪೆಡಲು: ಹಾಗಾದರೆ ಹೊರಡುವ ಮೊದಲು ಒಟ್ಟು ಎಷ್ಟು ದಿನ ಎತ್ತರದಲ್ಲಿರಬೇಕು?

ವೈದ್ಯರು: ಮೊದಲ ಉತ್ತರವನ್ನು ಓದಿ.

ಹಳೇ ಸವಾರ: ಡಾಕ್ಟರು ಹೆದರಿಸುವುದು ಸ್ವಲ್ಪ ಹೆಚ್ಚಾಯಿತು ಎಂದು ವಿನಯದಿಂದ ಹೇಳುತ್ತೇನೆ. ಕೊಲ್ಚಾನಿಯಿಂದ ಇಂಕಾವಾಸಿ ಗುಡ್ಡಕ್ಕೆ 80 ಕಿ.ಮೀ.ಗೆ ಹತ್ತಿರ, ಅಲ್ಲಿಂದ ಉತ್ತರದ ದಡದ ತಾವಾ ಹಳ್ಳಿಗೆ ಸುಮಾರು 40 ಕಿ.ಮೀ. ಇಂಕಾವಾಸಿಗೆ ಪ್ರವಾಸಿಗರ ಜೀಪುಗಳು ದಿನವೂ ಹೋಗುತ್ತವೆ. ಹತ್ತು ಲೀಟರ್ ನೀರು ಹೊತ್ತು ಏದುಸಿರು ಬಿಡುವುದಕ್ಕಿಂತ ಹಗುರವಾಗಿ ಹೋಗಿ, ಬೇಕಾದರೆ ಜೀಪಿನವರನ್ನು ಕೇಳುವುದು ಜಾಣತನ.

ಎದುರುಗಾಳಿ: ಇದು ಜಾಣತನವಲ್ಲ, ಇನ್ನೊಬ್ಬರ ನೀರಿನ ಮೇಲೆ ಯೋಜನೆ ಹಾಕುವುದು. ಜೀಪುಗಳು ಓಡುವುದು ಕೆಲವೇ ಜಾಡುಗಳಲ್ಲಿ. ಪಶ್ಚಿಮದ ಯೀಕಾ ಕಡೆಗೋ ಅದರಾಚೆಯ ಕೊಯ್ಪಾಸಾ ಉಪ್ಪುಬಯಲಿಗೋ ತಿರುಗಿದವರಿಗೆ ದಿನವಿಡೀ ಒಂದು ವಾಹನವೂ ಕಾಣದಿರಬಹುದು. ಹತ್ತು ಸಾವಿರ ಚದರ ಕಿಲೋಮೀಟರಿಗೂ ದೊಡ್ಡದಾದ ಬಯಲಿನಲ್ಲಿ ದೂರದ ಜೀಪು ಕಂಡರೂ ಅದು ನಿಮ್ಮನ್ನು ಕಾಣಬೇಕೆಂದಿಲ್ಲ. ಮಧ್ಯಾಹ್ನದ ಮೇಲೆ ಪಶ್ಚಿಮದ ಗಾಳಿ ಎದ್ದರೆ 40 ಕಿ.ಮೀ. ಎಂದು ಎಣಿಸಿದ್ದು ಸಂಜೆಯವರೆಗೂ ಮುಗಿಯುವುದಿಲ್ಲ.

ಹಳೇ ಸವಾರ: ತಾವು ಅಲ್ಲಿಗೆ ಹೋಗಿದ್ದೀರಾ ಅಥವಾ ನಕ್ಷೆ ನೋಡಿ ಬರೆಯುತ್ತಿದ್ದೀರಾ?

ಎದುರುಗಾಳಿ: ಮಳೆಗಾಲದ ಕೊನೆಯಲ್ಲಿ ಹೋಗಿದ್ದೆ. ಅಂಚಿನಲ್ಲಿ ಉಪ್ಪು ಕೆಸರಾಗಿತ್ತು, ಚೈನು ತುಕ್ಕು ಹಿಡಿದು ಬಿಗಿಯಿತು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಹೋಗಬೇಡಿ ಎಂದು ಕಳೆದ ವರ್ಷ ಇದೇ ಗುಂಪಿನಲ್ಲಿ ಬರೆದಾಗಲೂ ತಾವು ನಕ್ಕಿದ್ದಿರಿ.

ಶುಭೋದಯ: ಜಗಳ ಬೇಡ. ನೀರು ಕಡಿಮೆಯಿದ್ದವರು ನೆಲದ ಉಪ್ಪನ್ನೇ ಒಂದು ಚಿಟಿಕೆ ಬಾಟಲಿಗೆ ಹಾಕಿಕೊಂಡರೆ ಉಚಿತ ಓಆರ್‌ಎಸ್ ಆಗುತ್ತದೆ ಎಂಬ ಸಂದೇಶವೂ ಬಂದಿದೆ.

ವೈದ್ಯರು: ಆ ಉಪ್ಪಿನಡಿಯ ನೀರಿನಲ್ಲಿ ಮೆಗ್ನೀಸಿಯಂ, ಪೊಟ್ಯಾಸಿಯಂ, ಲಿಥಿಯಂ ಬೆರೆತಿವೆ, ಮೇಲಿನ ಪದರದ ಮೇಲೆ ಜೀಪುಗಳ ಎಣ್ಣೆ ಸೋರಿದೆ. ಓಆರ್‌ಎಸ್‌ನಲ್ಲಿ ಉಪ್ಪಿನಷ್ಟೇ ಮುಖ್ಯವಾದದ್ದು ಸಕ್ಕರೆ: ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಅಡುಗೆ ಉಪ್ಪು. ದಯವಿಟ್ಟು ಇಂತಹ ಸಂದೇಶಗಳನ್ನು ಇಲ್ಲಿಗೆ ತರಬೇಡಿ.

ಹೆಸರು ಬೇಡ: ಡಾಕ್ಟರ್, ಇದು ತುರ್ತಿನದೋ ಅಲ್ಲವೋ ತಿಳಿಯದೆ ಕೇಳುತ್ತಿದ್ದೇನೆ. ನನ್ನ ಯಜಮಾನರು ಗೆಳೆಯರೊಬ್ಬರ ಜೊತೆ ಈಗ ಉಯುನಿ ಪಟ್ಟಣದಲ್ಲಿದ್ದಾರೆ. ಎಲ್ ಆಲ್ಟೊದಲ್ಲಿ ಇಳಿದು ಇಂದಿಗೆ ಮೂರನೇ ದಿನ. ಹೊರಡುವ ಮೊದಲೇ ನೆಗಡಿಯಿತ್ತು. ತಲೆನೋವು ಹೆಚ್ಚಿಲ್ಲವಂತೆ, ಆದರೆ ನಿನ್ನೆ ರಾತ್ರಿಯಿಂದ ಒಣ ಕೆಮ್ಮು, ಹೋಟೆಲಿನ ಒಂದು ಮಹಡಿ ಹತ್ತಲು ಎರಡು ಕಡೆ ನಿಲ್ಲಬೇಕಾಯಿತಂತೆ. ಜೊತೆಗಿರುವವರಿಗೆ ಹಾಗಾಗಿಲ್ಲ. ನಾಳೆ ಬೆಳಿಗ್ಗೆ ಬಯಲಿಗೆ ಹೊರಡುತ್ತಾರೆ.

ಹಳೇ ಸವಾರ: ಅಕ್ಕಾ, ಅಲ್ಲಿಯ ಒಣಹವೆಗೆ ಎಲ್ಲರಿಗೂ ಕೆಮ್ಮು ಬರುತ್ತದೆ. ಕೋಕಾ ಎಲೆಯ ಚಹಾ ಕುಡಿಯಲು ಹೇಳಿ, ಅಲ್ಲಿಯವರು ಶತಮಾನಗಳಿಂದ ಅದನ್ನೇ ಕುಡಿಯುತ್ತಾರೆ.

ವೈದ್ಯರು: ಮೇಡಂ, ಮೇಲಿನ ಸಲಹೆಯನ್ನು ಕಡೆಗಣಿಸಿ. ಅವರು ನಾಳೆ ಹೊರಡಬಾರದು. ಈಗಲೇ ಫೋನ್ ಮಾಡಿ ಇಷ್ಟು ಕೇಳಿ: ಸುಮ್ಮನೆ ಕುಳಿತಾಗಲೂ ಏದುಸಿರಿದೆಯೇ, ಮಲಗಿದರೆ ಅದು ಹೆಚ್ಚಾಗುತ್ತದೆಯೇ, ಎದೆಯಲ್ಲಿ ಗೊರಗೊರ ಸದ್ದಿದೆಯೇ, ಕಫದಲ್ಲಿ ನೊರೆ ಅಥವಾ ನಸುಗೆಂಪು ಬಣ್ಣವಿದೆಯೇ, ತುಟಿ ನೀಲಿಯಾಗಿದೆಯೇ. ರಕ್ತದ ಆಮ್ಲಜನಕವನ್ನು ಶೇಕಡಾದಲ್ಲಿ ತೋರಿಸುವ ಪಲ್ಸ್ ಆಕ್ಸಿಮೀಟರ್ ಇದ್ದರೆ ಇಬ್ಬರ ಬೆರಳಿಗೂ ಹಾಕಿ ನೋಡಲಿ. ಆ ಎತ್ತರದಲ್ಲಿ ಹೊಸಬರಿಗೆ 90ರ ಆಸುಪಾಸು ಬರುವುದು ಸಹಜ, ಆದ್ದರಿಂದ ಅಂಕಿಯೊಂದನ್ನೇ ನೋಡಿ ಹೆದರುವುದೂ ಬೇಡ, ನಿರಾಳವಾಗುವುದೂ ಬೇಡ. ಒಂದೇ ದಾರಿಯಲ್ಲಿ ಬಂದ ಗೆಳೆಯರಿಗಿಂತ ಇವರದು ಬಹಳ ಕೆಳಗಿದ್ದರೆ ಅದು ಸುಳಿವು.

ನನಗಿರುವ ಅನುಮಾನ ಶ್ವಾಸಕೋಶದಲ್ಲಿ ನೀರು ತುಂಬುವ ಕಾಯಿಲೆಯದು. ಎತ್ತರದಲ್ಲಿ ಶ್ವಾಸಕೋಶದ ರಕ್ತನಾಳಗಳು ಬಿಗಿಯುತ್ತವೆ, ಆದರೆ ಎಲ್ಲ ಕಡೆ ಸಮನಾಗಿ ಬಿಗಿಯುವುದಿಲ್ಲ; ಬಿಗಿಯದೆ ಉಳಿದ ಭಾಗಕ್ಕೆ ರಕ್ತ ಒತ್ತಡದಿಂದ ನುಗ್ಗಿ ದ್ರವ ಗಾಳಿಗೂಡುಗಳಿಗೆ ಸೋರುತ್ತದೆ. ಬಂದ ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ, ಹೆಚ್ಚಾಗಿ ರಾತ್ರಿಯಲ್ಲಿ ಇದು ಕಾಣಿಸಿಕೊಳ್ಳುತ್ತದೆ. ತಲೆನೋವಿಲ್ಲದೆಯೂ ಬರುತ್ತದೆ, ಅದಕ್ಕೇ ಜನ ಇದನ್ನು ನೆಗಡಿ ಎಂದುಕೊಂಡು ಮುಂದೆ ಹೋಗುತ್ತಾರೆ. ಇತ್ತೀಚಿನ ನೆಗಡಿ, ಚಳಿ, ದೈಹಿಕ ಶ್ರಮ ಮೂರೂ ಇದನ್ನು ಬಲಪಡಿಸುತ್ತವೆ. ಉಪ್ಪುಬಯಲಿನ ರಾತ್ರಿ ಚಳಿಗಾಲದಲ್ಲಿ ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗಿಳಿಯಬಲ್ಲದು. ಭಾರ ಹೇರಿದ ಸೈಕಲ್ಲಿನ ಶ್ರಮವಂತೂ ಇದ್ದೇ ಇದೆ.

ಇನ್ನೊಂದು ತೊಡಕನ್ನು ಎಲ್ಲರೂ ಗಮನಿಸಬೇಕು. ಪರ್ವತದಲ್ಲಿ ಈ ಕಾಯಿಲೆಗೆ ಮೊದಲ ಚಿಕಿತ್ಸೆ ಕೆಳಗಿಳಿಯುವುದು. ಉಯುನಿಯಲ್ಲಿ ಕೆಳಗೆ ಎಂಬುದೇ ಹತ್ತಿರದಲ್ಲಿಲ್ಲ. ಬಯಲಿನ ಒಂದು ದಡದಿಂದ ಇನ್ನೊಂದು ದಡಕ್ಕೆ ಎತ್ತರದ ವ್ಯತ್ಯಾಸ ಒಂದು ಮೀಟರಿನ ಒಳಗೇ ಇದೆ, ಸುತ್ತಲಿನ ಪ್ರಸ್ಥಭೂಮಿ ಅದಕ್ಕಿಂತ ಎತ್ತರದ್ದು. ದಕ್ಷಿಣದ ತುಪೀಸಾ 3,000 ಮೀಟರಿಗಿಂತ ತುಸು ಕೆಳಗಿದೆ, ಆದರೆ ಅಲ್ಲಿಗೆ ಹೋಗುವ ದಾರಿ ಮೊದಲು ಮೇಲೇರುತ್ತದೆ. ಸುಕ್ರೆಯ ದಾರಿಯೂ ಅಷ್ಟೇ. ಆದ್ದರಿಂದ ಇವರು ತಾವಾಗಿ ಬಸ್ಸು ಹತ್ತಬಾರದು. ಉಯುನಿಯ ಆಸ್ಪತ್ರೆಗೆ ಈ ರಾತ್ರಿಯೇ, ನಡೆಯದೆ, ಟ್ಯಾಕ್ಸಿಯಲ್ಲಿ ಹೋಗಲಿ. ಮೊದಲು ಆಮ್ಲಜನಕ, ಅದರ ಮೇಲೆ ಉಳಿದ ತೀರ್ಮಾನ. ಮುಂದಿನ ಪ್ರಯಾಣ ಬೇಕಾದರೆ ಆಮ್ಲಜನಕವಿರುವ ವಾಹನದಲ್ಲಿಯೇ ಆಗಲಿ.

ಮಂದಗತಿ: ಈ ನಡುವೆ ಕೇಳುವುದಕ್ಕೆ ಕ್ಷಮಿಸಿ, ಆಸ್ತಮಾ ಇರುವವರು ಇನ್ಹೇಲರನ್ನು ಚಳಿಯಿಂದ ಹೇಗೆ ಕಾಪಾಡಬೇಕು?

ಹಳೇ ಸವಾರ: ಕೋಕಾ ಬಗ್ಗೆ ಉತ್ತರವೇ ಬರಲಿಲ್ಲ.

ವೈದ್ಯರು: ಕೋಕಾ ಚಹಾ ಎತ್ತರದ ಕಾಯಿಲೆಯನ್ನು ತಡೆಯುತ್ತದೆ ಎನ್ನಲು ಒಳ್ಳೆಯ ಪುರಾವೆಯಿಲ್ಲ, ಶ್ವಾಸಕೋಶದ ನೀರನ್ನು ಅದು ಇಳಿಸುವುದಿಲ್ಲ. ಅಲ್ಲಿಯವರು ಕುಡಿಯುತ್ತಾರೆ, ನಿಜ. ಅವರು ಅಲ್ಲಿಯೇ ಹುಟ್ಟಿ ಬೆಳೆದವರು, ವಿಮಾನದಿಂದ ಇಳಿದವರಲ್ಲ. ಉಸಿರು ಕಟ್ಟುತ್ತಿರುವವರ ಮನೆಯವರಿಗೆ ಚಹಾ ಸೂಚಿಸುವ ಧೈರ್ಯ ನನಗಂತೂ ಇಲ್ಲ.

ಹಳೇ ಸವಾರ: ತಿಳಿದದ್ದನ್ನು ಹಂಚಿಕೊಳ್ಳುವುದೂ ತಪ್ಪೆಂದರೆ ಗುಂಪಿಗೆ ಬೀಗ ಹಾಕಿ.

ಎದುರುಗಾಳಿ: ಬೀಗ ಬೇಡ, ಒಂದು ಗಂಟೆ ಸುಮ್ಮನಿದ್ದರೆ ಸಾಕು.

ನಿರ್ವಾಹಕರು: ಇಬ್ಬರಿಗೂ ಇದೇ ಕೊನೆಯ ಎಚ್ಚರಿಕೆ.

ಹೊಸ ಪೆಡಲು: ಎಲ್ ಆಲ್ಟೊದಲ್ಲಿ ಒಂದು ದಿನ, ಉಯುನಿಯಲ್ಲಿ ಒಂದು ದಿನ, ಸಾಕಾಗುತ್ತದೆಯೇ ಡಾಕ್ಟರ್?

ವೈದ್ಯರು: ಇಲ್ಲ.

ಹೆಸರು ಬೇಡ: ಡಾಕ್ಟರ್, ಆಸ್ಪತ್ರೆಗೆ ಸೇರಿಸಿದ್ದಾರೆ. ಗೆಳೆಯರದು 89 ಇತ್ತಂತೆ, ಇವರದು 71. ಆಮ್ಲಜನಕ ಕೊಟ್ಟ ಮೇಲೆ ಮಾತು ಸರಾಗವಾಗಿದೆ. ಎಕ್ಸ್-ರೇಯಲ್ಲಿ ಬಲಗಡೆ ಮಚ್ಚೆಗಳು ಕಂಡವೆಂದು ಹೇಳಿದರಂತೆ. ಎರಡು ದಿನ ವಿಶ್ರಾಂತಿ ಪಡೆದು ಬಯಲು ದಾಟಬಹುದೇ ಎಂದು ಅವರೇ ಕೇಳಿಸುತ್ತಿದ್ದಾರೆ.

ವೈದ್ಯರು: ಒಳ್ಳೆಯ ಸುದ್ದಿ. ಬಯಲಿನ ಮಾತು ಈ ಪ್ರವಾಸಕ್ಕೆ ಮುಗಿಯಿತೆಂದು ಅವರಿಗೆ ಹೇಳಿ. ಆಮ್ಲಜನಕ ತೆಗೆದ ಮೇಲೂ ಅಂಕಿ ನಿಲ್ಲಬೇಕು, ಆಮೇಲೆ ಅಲ್ಲಿಯ ವೈದ್ಯರು ಹೇಳಿದ ದಾರಿಯಲ್ಲಿ ತಗ್ಗಿನ ಊರಿಗೆ ಹೋಗಬೇಕು. ಒಮ್ಮೆ ಬಂದವರಿಗೆ ಇದು ಮತ್ತೆ ಬರುವ ಸಂಭವ ಹೆಚ್ಚು, ಮುಂದೆ ಎಲ್ಲಿಗೇ ಎತ್ತರಕ್ಕೆ ಹೊರಟರೂ ಮೊದಲು ವೈದ್ಯರನ್ನು ಕಾಣಲಿ.

ಹೆಸರು ಬೇಡ: ಗೆಳೆಯರು ನಾಳೆ ಒಬ್ಬರೇ ಇಂಕಾವಾಸಿಯವರೆಗಾದರೂ ಹೋಗಿ ಬರುತ್ತೇನೆ ಎನ್ನುತ್ತಿದ್ದಾರೆ.

ವೈದ್ಯರು: ಅವರಿಗೂ ಇಂದು ಮೂರನೇ ದಿನವೇ. ನಾಳೆ ಆಸ್ಪತ್ರೆಯಲ್ಲಿ ಇವರ ಪಕ್ಕದಲ್ಲಿ ಕುಳಿತಿರಲಿ, ಬೆಳಿಗ್ಗೆ ಸಂಜೆ ತಮ್ಮ ಬೆರಳಿಗೂ ಆಕ್ಸಿಮೀಟರ್ ಹಾಕಿ ನೋಡಿಕೊಳ್ಳಲಿ.