ಬಿಲ್ ಇಂಪೋರ್ಟ್‌ನಲ್ಲಿ ‘ಇನ್‌ವ್ಯಾಲಿಡ್ ಇನ್‌ಪುಟ್’: ವಾಪಸ್ ಬಂದವನ್ನಷ್ಟೇ ಸರಿಮಾಡಿದರೆ ಸಾಕೇ?

ಪ್ರಶ್ನೆ (ಕೋಲಾರ, ತರಕಾರಿ ಹೋಲ್‌ಸೇಲ್ ಅಂಗಡಿಯ ಲೆಕ್ಕ): ಸರ್, ಬಿಲ್ಲಿಂಗ್ ಕೌಂಟರ್‌ನಿಂದ ಜುಲೈ ತಿಂಗಳ ಸಿಎಸ್‌ವಿ ಫೈಲ್ (ಕಾಮಾ ಹಾಕಿ ಬೇರ್ಪಡಿಸಿದ ಬರೀ ಅಕ್ಷರಗಳ ಪಟ್ಟಿ) ಬರುತ್ತೆ. ಅದನ್ನು ಎಕ್ಸೆಲ್‌ನಲ್ಲಿ ತೆರೆದು, ಪಾರ್ಟಿ ಹೆಸರು ತಿದ್ದಿ, ಸೇವ್ ಮಾಡಿ ಅಕೌಂಟಿಂಗ್ ಸಾಫ್ಟ್‌ವೇರ್‌ಗೆ ಕೊಟ್ಟರೆ ‘ಇನ್‌ವ್ಯಾಲಿಡ್ ಇನ್‌ಪುಟ್’ ಅನ್ನುತ್ತೆ. 13ನೇ ತಾರೀಖಿನಿಂದ ಮುಂದಿನವೆಲ್ಲ ವಾಪಸ್. ಟೊಮ್ಯಾಟೊ ಎಚ್‌ಎಸ್‌ಎನ್ (ಜಿಎಸ್‌ಟಿಗೆ ಬಳಸುವ ಸರಕಿನ ಕೋಡ್) ತಪ್ಪಂತೆ. ಮದನಪಲ್ಲಿ ಪಾರ್ಟಿಗಳದ್ದೂ ಕೆಲವು ಹೋಗ್ತಿಲ್ಲ. ವಾಪಸ್ ಬಂದವನ್ನು ಕೈಯಲ್ಲೇ ಎಂಟ್ರಿ ಮಾಡಿಬಿಡಲಾ?

ಉತ್ತರ (ತುಮಕೂರು, ಆಡಿಟರ್ ಕಚೇರಿ): ದಯವಿಟ್ಟು ಬೇಡ. ವಾಪಸ್ ಬಂದವಕ್ಕಿಂತ ಒಳಗೆ ಹೋದ ಬಿಲ್‌ಗಳದ್ದೇ ಚಿಂತೆ. ನಿಮ್ಮ ಕಂಪ್ಯೂಟರ್‌ನ ರೀಜನ್ ಅಮೆರಿಕ ಅಂತಿರಬೇಕು. ಹಾಗಿದ್ದರೆ ಎಕ್ಸೆಲ್ ತಿಂಗಳನ್ನು ಮೊದಲು ಓದುತ್ತೆ. 13ನೇ ತಿಂಗಳು ಇಲ್ಲದ್ದರಿಂದ 13-07 ತಾರೀಖಾಗದೆ ಬರೀ ಅಕ್ಷರವಾಗಿ ಉಳಿದು ಎರರ್ ಕೊಡುತ್ತೆ. 05-07 ಮಾತ್ರ ಸದ್ದಿಲ್ಲದೆ ಮೇ 7 ಆಗಿ ಒಳಗೆ ಕೂರುತ್ತೆ. 1ರಿಂದ 12ರವರೆಗೆ 07-07 ಒಂದನ್ನು ಬಿಟ್ಟು ಉಳಿದದ್ದೆಲ್ಲ ಬೇರೆ ತಿಂಗಳಿಗೆ ಹೋಗಿರುತ್ತೆ. ಜಿಎಸ್‌ಟಿಆರ್-1ರಲ್ಲಿ (ಮಾರಾಟದ ಜಿಎಸ್‌ಟಿ ರಿಟರ್ನ್) ಜುಲೈ ಮಾರಾಟ ಕಮ್ಮಿ ಕಾಣುತ್ತೆ. ಎಕ್ಸೆಲ್‌ನಲ್ಲೇ ಗುರುತಿಸಬಹುದು: ಅಲೈನ್‌ಮೆಂಟ್ ಮುಟ್ಟಿಲ್ಲದಿದ್ದರೆ ತಾರೀಖಾದದ್ದು ಬಲಕ್ಕೆ, ಅಕ್ಷರವಾದದ್ದು ಎಡಕ್ಕೆ ಅಂಟಿರುತ್ತೆ.

ಮೊದಲು ಬ್ಯಾಕಪ್ ತೆಗೆದು, ಈಗ ಒಳಗೆ ಹೋಗಿರುವ ಬಿಲ್‌ಗಳನ್ನು ಅಳಿಸಿ, ಇಲ್ಲವಾದರೆ ಮತ್ತೆ ಇಂಪೋರ್ಟ್ ಮಾಡಿದಾಗ ಡಬಲ್ ಆಗುತ್ತೆ. ಆಮೇಲೆ ಕೌಂಟರ್‌ನ ಮೂಲ ಫೈಲನ್ನು ಡಬಲ್ ಕ್ಲಿಕ್ ಮಾಡದೆ, ಖಾಲಿ ಎಕ್ಸೆಲ್‌ನಲ್ಲಿ ಡೇಟಾ ಟ್ಯಾಬ್, ‘ಫ್ರಂ ಟೆಕ್ಸ್ಟ್/ಸಿಎಸ್‌ವಿ’ ಮೂಲಕ ತನ್ನಿ. ‘ಡೇಟಾ ಟೈಪ್ ಡಿಟೆಕ್ಷನ್’ ಇರುವ ಕಡೆ ‘ಡು ನಾಟ್ ಡಿಟೆಕ್ಟ್’ ಆರಿಸಿ. ಎಲ್ಲವೂ ಇದ್ದ ಹಾಗೇ ಬರುತ್ತೆ. ಟೊಮ್ಯಾಟೊ 0702ರ ಮುಂದಿನ ಸೊನ್ನೆಯೂ ಉಳಿಯುತ್ತೆ. ಈಗ ಅದು 702 ಆಗಿರುವುದೇ ಆ ಎರರ್‌ಗೆ ಕಾರಣ. ಸೇವ್ ಮಾಡಿದ ಮೇಲೆ ಪರೀಕ್ಷೆಗೆ ನೋಟ್‌ಪ್ಯಾಡ್‌ನಲ್ಲೇ ತೆರೆಯಿರಿ. ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ಮತ್ತೆ ಸೇವ್ ಒತ್ತಿದರೆ ಸೊನ್ನೆ ಮತ್ತೆ ಹೋಯಿತು.

ಮದನಪಲ್ಲಿ ಪಾರ್ಟಿಗಳ ಜಿಎಸ್‌ಟಿಐಎನ್ (15 ಸ್ಥಾನಗಳ ಜಿಎಸ್‌ಟಿ ನೋಂದಣಿ ಸಂಖ್ಯೆ) ಆಂಧ್ರದ ಕೋಡ್ 37ರಿಂದ ಶುರುವಾಗಬೇಕು. ಸಾಫ್ಟ್‌ವೇರ್‌ನ ಪಾರ್ಟಿ ಮಾಸ್ಟರ್‌ನಲ್ಲಿ (ಪಾರ್ಟಿಗಳ ವಿವರ ಇಡುವ ಜಾಗ) ರಾಜ್ಯ ಕರ್ನಾಟಕ ಅಂತಲೇ ಬಿಟ್ಟಿದ್ದರೆ ಸಾಫ್ಟ್‌ವೇರ್ ಕರ್ನಾಟಕದ ಕೋಡ್ 29ನ್ನು ಹುಡುಕುತ್ತೆ, ತಾಳೆಯಾಗಲ್ಲ. ಅದು ಸರಿಯಿದ್ದೂ ಎರರ್ ಬಂದರೆ ‘ಓ’ ಅಕ್ಷರ, ಸೊನ್ನೆ ಅದಲುಬದಲಾಗಿದೆಯಾ ನೋಡಿ. 3ರಿಂದ 7ನೇ ಸ್ಥಾನದವರೆಗೆ ಅಕ್ಷರಗಳೇ, 8ರಿಂದ 11ರವರೆಗೆ ಅಂಕಿಗಳೇ, 12 ಮತ್ತೆ ಅಕ್ಷರ. 14ನೆಯದು ಸಾಮಾನ್ಯವಾಗಿ ‘ಝಡ್’. ಅವಸರದಲ್ಲಿ 2 ಅಂತ ಬರೆದಿರುತ್ತಾರೆ.

ಪ್ರಶ್ನೆ (ಅದೇ ಅಂಗಡಿ): ತಾರೀಖು, 0702 ಸರಿಹೋಯ್ತು ಸರ್. ಎರಡು ಪಾರ್ಟಿಗಳ ನಂಬರ್ ಮಾತ್ರ ಕಣ್ಣಿಗೆ ಸರಿಯಿದ್ದರೂ ಒಪ್ಪುತ್ತಿಲ್ಲ. ಅಕ್ಷರ ಎಣಿಸುವ ಲೆನ್ ಫಾರ್ಮುಲಾ ಹಾಕಿದರೆ 16 ತೋರಿಸುತ್ತೆ. ಹೆಚ್ಚುವರಿ ಸ್ಪೇಸ್ ತೆಗೆಯುವ ಟ್ರಿಮ್ ಹಾಕಿದರೂ ಅಷ್ಟೇ.

ಉತ್ತರ (ಚಿಂತಾಮಣಿ, ಬಿಲ್ಲಿಂಗ್ ಸಾಫ್ಟ್‌ವೇರ್ ಸರ್ವೀಸ್): ಎಲ್ಲಿಂದಲೋ ಕಾಪಿ ಮಾಡಿದಾಗ ಅಂಟಿಕೊಂಡ ಸ್ಪೇಸ್ ಅದು, ಕಂಪ್ಯೂಟರ್ ಲೆಕ್ಕದಲ್ಲಿ ಅಕ್ಷರ ಸಂಖ್ಯೆ 160. ಟ್ರಿಮ್ ತೆಗೆಯುವುದು ಮಾಮೂಲಿ ಸ್ಪೇಸ್, ಅಂದರೆ 32, ಮಾತ್ರ. ಆ ಕಾಲಂ ಆರಿಸಿ, ಕಂಟ್ರೋಲ್-ಎಚ್ ಒತ್ತಿ, ‘ಫೈಂಡ್’ ಜಾಗದಲ್ಲಿ ಆಲ್ಟ್ ಹಿಡಿದು ಬಲಗಡೆಯ ನಂಬರ್ ಪ್ಯಾಡ್‌ನಲ್ಲಿ 0160 ಹೊಡೆಯಿರಿ. ‘ರಿಪ್ಲೇಸ್’ ಖಾಲಿ ಬಿಟ್ಟು ರಿಪ್ಲೇಸ್ ಆಲ್ ಕೊಡಿ. ಲೆನ್ 15ಕ್ಕೆ ಇಳಿಯಬೇಕು. ಪಾರ್ಟಿ ಹೆಸರಿನ ಕಾಲಂಗೆ ಇದನ್ನು ಕೊಡಬೇಡಿ, ಪದಗಳು ಒಂದಕ್ಕೊಂದು ಅಂಟಿಕೊಂಡಾವು. ಹಾಗೇ ಹೆಸರುಗಳು ಕನ್ನಡದಲ್ಲಿದ್ದರೆ ‘ಸಿಎಸ್‌ವಿ ಯುಟಿಎಫ್-8’ ಆಗಿಯೇ ಸೇವ್ ಮಾಡಿ, ಇಲ್ಲವಾದರೆ ಅಕ್ಷರಗಳ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಬರುತ್ತೆ.