ಭಿನ್ನರಾಶಿಯೇ ಬಾರದ ಮಕ್ಕಳಿಗೆ ನಂಬರ್ ಥಿಯರಿ ಕಲಿಸಬಹುದಾ? ಮಾಡಿ ನೋಡಿದವರು ಹೇಳಿ

ಪ್ರಶ್ನೆ ಕೇಳಿದವರು:

ಎಲ್ಲರಿಗೂ ನಮಸ್ಕಾರ. ಈ ಬೇಸಿಗೆ ರಜೆಯಲ್ಲಿ ಮೂರು ವಾರದ ಗಣಿತ ಶಿಬಿರದಲ್ಲಿ ಕಲಿಸಲು ಒಪ್ಪಿಕೊಂಡಿದ್ದೇನೆ. ಆರರಿಂದ ಎಂಟನೇ ತರಗತಿಯ 24 ಮಕ್ಕಳು, ದಿನಕ್ಕೆ ಎರಡು ಗಂಟೆ. ಹೆಚ್ಚಿನವರ ಮನೆಯಲ್ಲಿ ಓದಿಗೆ ಅನುಕೂಲ ಕಡಿಮೆ. ಟ್ಯೂಷನ್ ಅಂತೂ ಇಲ್ಲವೇ ಇಲ್ಲ. ಗಣಿತದ ಟೀಚರ್ ಇಲ್ಲದೆ ಇಡೀ ವರ್ಷ ಕಳೆದವರೂ ಇದ್ದಾರೆ. ಶಾಲೆಯ ಪಾಠವನ್ನೇ ಮತ್ತೆ ಮಾಡಬೇಡಿ, ದೊಡ್ಡವರು ಮಾಡುವ ನಿಜವಾದ ಗಣಿತ ತೋರಿಸಿ ಎಂದು ಆಯೋಜಕರು ಹೇಳಿದ್ದಾರೆ. ನಾನೂ ಹುಮ್ಮಸ್ಸಿನಲ್ಲಿ ನಂಬರ್ ಥಿಯರಿ (ಪೂರ್ಣಸಂಖ್ಯೆಗಳ ಗುಣ ಹುಡುಕುವ ಗಣಿತ), ಗ್ರಾಫ್ ಥಿಯರಿ (ಚುಕ್ಕೆ-ಗೆರೆಗಳ ಜಾಲದ ಗಣಿತ), ಪ್ರಾಬಬಿಲಿಟಿ, ಗುಪ್ತಲಿಪಿ ಅಂತ ಉದ್ದ ಪಟ್ಟಿ ಮಾಡಿಕೊಂಡೆ.

ಮೊನ್ನೆ ಮಕ್ಕಳನ್ನು ನೋಡಲು ಹೋದಾಗ ಸುಮ್ನೆ ಒಂದು ಲೆಕ್ಕ ಕೊಟ್ಟೆ. 1/2ಕ್ಕೆ 1/3 ಕೂಡಿಸಿ. 15 ಮಕ್ಕಳು 2/5 ಎಂದು ಬರೆದರು. ಆಗಿನಿಂದ ನನಗೆ ಕೈಕಾಲು ಆಡುತ್ತಿಲ್ಲ. ಮೊದಲ ವಾರ ಭಿನ್ನರಾಶಿ ಸರಿ ಮಾಡಿಸಿ, ಆಮೇಲೆ ಮುಂದೆ ಹೋಗಲಾ? ನಾನು ಎಂಜಿನಿಯರ್, ಟೀಚರ್ ಅಲ್ಲ. ಗೊತ್ತಿದ್ದವರು ದಾರಿ ತೋರಿಸಿ.

ಐದು ಬೇಸಿಗೆ ಶಿಬಿರ ಮಾಡಿದವರು:

ಮೊದಲ ವಾರ ಭಿನ್ನರಾಶಿ ಮಾಡಿ ನಾನು ಕೈ ಸುಟ್ಟುಕೊಂಡಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ಸೋಮವಾರ 20 ಮಕ್ಕಳಿದ್ದರು. ಶುಕ್ರವಾರಕ್ಕೆ 14 ಆಗಿದ್ದರು. ಉಳಿದವರೂ ಶಾಲೆಯಲ್ಲಿ ಕೂರುವ ಹಾಗೇ ಕೂತಿದ್ದರು. ಕಣ್ಣು ಪುಸ್ತಕದ ಮೇಲೆ, ಎಡಗೈ ಉತ್ತರದ ಮೇಲೆ. ಅವರ ಮಟ್ಟಿಗೆ, ನಿನಗೆ ಏನೇನು ಬರೋದಿಲ್ಲ ಅಂತ ಹೇಳುವ ಇನ್ನೊಂದು ಜಾಗ ಸಿಕ್ಕಿತ್ತು ಅಷ್ಟೇ. ರಜೆಯಲ್ಲೂ ಅದನ್ನೇ ಕೇಳಲು ಯಾರು ಬರ್ತಾರೆ ಹೇಳಿ?

ಮರುವರ್ಷದಿಂದ ಮೊದಲ ದಿನವೇ ಆಟದಿಂದ ಶುರು. 21 ಕಡ್ಡಿ, ಇಬ್ಬರು ಆಟಗಾರರು. ನಿಮ್ಮ ಸರದಿಯಲ್ಲಿ 1, 2 ಅಥವಾ 3 ಕಡ್ಡಿ ತೆಗೆಯಬಹುದು. ಕೊನೆಯ ಕಡ್ಡಿ ತೆಗೆದವರು ಗೆದ್ದರು. ಇಷ್ಟು ಹೇಳಿ ಸುಮ್ಮನಾಗಬೇಕು. ಅರ್ಧ ಗಂಟೆ ಬರೀ ಗಲಾಟೆ. ಆಮೇಲೆ ಯಾರೋ ಒಬ್ಬರು, ನಾಲ್ಕು ಉಳಿದರೆ ಎದುರಿನವನ ಕಥೆ ಮುಗೀತು ಅಂತ ಕಂಡುಕೊಳ್ಳುತ್ತಾರೆ. ಇನ್ನೂ ಸ್ವಲ್ಪ ಹೊತ್ತಿಗೆ ಎಂಟು ಉಳಿದರೂ ಹಾಗೇ ಅನ್ನುತ್ತಾರೆ.

ಆರನೇ ತರಗತಿಯ ಒಬ್ಬ ಹುಡುಗಿ ಇದ್ದಳು. ಏಳರ ಮಗ್ಗಿ ಅರ್ಧಕ್ಕೆ ನಿಲ್ಲುತ್ತಿತ್ತು. ನನ್ನ ಹತ್ತಿರ ಬಂದು "ಸರ್, ನಾನೇ ಮೊದಲು" ಎಂದು ಒಂದು ಕಡ್ಡಿ ತೆಗೆದಳು. ನಾನು 2 ತೆಗೆದರೆ ಅವಳೂ 2. ನಾನು 3 ತೆಗೆದರೆ ಅವಳು 1. ಸೋತೆ. ಏನು ಮಾಡ್ತಿದ್ದೀಯಮ್ಮ ಅಂದೆ. "ನೀವು ತೆಗೆದಿದ್ದೂ ನಾನು ತೆಗೆದಿದ್ದೂ ಸೇರಿ ನಾಲ್ಕು ಮಾಡ್ತೀನಿ, ಅಷ್ಟೇ." ನೋಡಿ, ಗಣಿತದಲ್ಲಿ ಪ್ರೂಫ್ ಅನ್ನೋದು ಅದೇ. ನಾನು ಬೋರ್ಡಿನ ಮೇಲೆ ಅವಳ ಮಾತನ್ನೇ ಬರೆದೆ. 100 ಕಡ್ಡಿ ಇದ್ದರೆ ಏನು ಮಾಡ್ತೀಯ ಎಂದು ಕೇಳಿದೆ. ಒಂದು ಕ್ಷಣ ಯೋಚಿಸಿ, "ಹಾಗಾದ್ರೆ ನೀವೇ ಮೊದಲು ಆಡಿ ಸರ್" ಅಂದಳು.

ಮರುದಿನ ಒಬ್ಬ ಹುಡುಗ 1, 3, 4 ಮಾತ್ರ ತೆಗೆಯಬಹುದು ಎಂದು ನಿಯಮ ಬದಲಾಯಿಸಿದರೆ ಏನಾಗುತ್ತದೆ ಅಂತ ಕೇಳಿದ. ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಅಂತಲೇ ಹೇಳಿದೆ. ಎಲ್ಲರೂ ಸೇರಿ ಎರಡು ದಿನ ಪಟ್ಟಿ ಮಾಡಿದೆವು. ಎದುರಿನವರಿಗೆ 2, 7, 9, 14, 16 ಉಳಿಸಿದರೆ ನಾವು ಗೆಲ್ಲುತ್ತೇವೆ. ಅಂದರೆ ಏಳರಿಂದ ಭಾಗಿಸಿದಾಗ ಶೇಷ 0 ಅಥವಾ 2 ಬರಬೇಕು. 58 ಕಡ್ಡಿಗೆ ಏನು ಎಂದಾಗ ಭಾಗಾಕಾರ ಬೇಕೇ ಬೇಕಾಯಿತು. ನಾನು ಹೇಳಿಕೊಡುತ್ತೇನೆ ಅನ್ನುವ ಮೊದಲೇ ಅವರೇ ಒಬ್ಬರಿಗೊಬ್ಬರು ಹೇಳಿಕೊಟ್ಟರು. ಏಳರ ಮಗ್ಗಿ ಆ ವಾರ ಪೂರ್ತಿ ಆಯಿತು. ಯಾರದ್ದು ಅಂತ ಹೇಳಬೇಕಿಲ್ಲ ಅಲ್ವಾ.

ನಿಮ್ಮ ಮಕ್ಕಳಲ್ಲಿ ಬುದ್ಧಿಗೆ ಕೊರತೆ ಇರೋದಿಲ್ಲ. ಒಂದೇ ಕಷ್ಟದ ಲೆಕ್ಕದ ಜೊತೆ ಎರಡು ದಿನ ಕೂತ ಅನುಭವ ಅವರಿಗೆ ಸಿಕ್ಕಿರೋದಿಲ್ಲ. ಉತ್ತರ ಎರಡು ನಿಮಿಷದಲ್ಲಿ ಬರಲಿಲ್ಲ ಅಂದರೆ ನನಗೆ ಬರೋದಿಲ್ಲ ಅಂತ ತೀರ್ಮಾನಿಸಿ ಕೈಚೆಲ್ಲುತ್ತಾರೆ. ಆ ಎರಡು ದಿನ ಕೊಡೋದೇ ನಮ್ಮ ಕೆಲಸ. ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಮೂರನೇ ಒಂದು ಪಾಲು ಮುಗಿದರೂ ಜಾಸ್ತಿ.

ಶಾಲಾ ಟೀಚರ್ ಒಬ್ಬರು:

ಆ 2/5 ಬಗ್ಗೆ ಮಾತ್ರ ಹೇಳುತ್ತೇನೆ. ಅದನ್ನು ತಪ್ಪು ಅಂತ ಹೊಡೆದು ಹಾಕಬೇಡಿ, ನಿಮಗೆ ಒಂದು ವಾರದ ಪಾಠ ಅಲ್ಲೇ ಇದೆ.

ನಿನ್ನೆ 2 ಪ್ರಶ್ನೆಯಲ್ಲಿ 1 ಸರಿ ಮಾಡಿದೆ. ಇವತ್ತು 3 ಪ್ರಶ್ನೆಯಲ್ಲಿ 1 ಸರಿ. ಒಟ್ಟು 5ರಲ್ಲಿ 2. ಮಕ್ಕಳು ಮನಸ್ಸಿನಲ್ಲಿ ಮಾಡೋದು ಇದನ್ನೇ, ಮತ್ತು ಈ ಲೆಕ್ಕ ಸರಿಯಾಗೇ ಇದೆ. ಆದರೆ ಇದು ಕೂಡುವ ಲೆಕ್ಕ ಅಲ್ಲ. ಒಂದು ಕಾಗದದ ಪಟ್ಟಿ ಕೊಟ್ಟು ಮಡಚಿಸಿ. 2/5 ಅರ್ಧಕ್ಕಿಂತ ಚಿಕ್ಕದು. ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಆಗೋದು ಹೇಗೆ? ಇದನ್ನು ಮಕ್ಕಳೇ ಹಿಡಿಯುತ್ತಾರೆ. ಆಮೇಲೆ ಕೇಳಿ, 2/5 ಹಾಗಾದರೆ ಎಲ್ಲಿದೆ? 1/3 ಮತ್ತು 1/2ರ ನಡುವೆ. ಬೇರೆ ಎರಡು ಭಿನ್ನರಾಶಿ ತಗೊಳ್ಳಿ, ಮೇಲಿನದ್ದು ಮೇಲಿನದ್ದಕ್ಕೆ, ಕೆಳಗಿನದ್ದು ಕೆಳಗಿನದ್ದಕ್ಕೆ ಕೂಡಿಸಿ. ಯಾವಾಗಲೂ ನಡುವೆಯೇ ಬರುತ್ತಾ? ಬರುತ್ತದೆ. ಯಾಕೆ?

0/1 ಮತ್ತು 1/0 (ಇದು ಬರೀ ಗುರುತು, ನಿಜವಾದ ಭಿನ್ನರಾಶಿ ಅಲ್ಲ) ಇಟ್ಟು ಶುರು ಮಾಡಿ, ಪಕ್ಕಪಕ್ಕದ ಎರಡರ ನಡುವೆ ಹೀಗೇ ಹೊಸದನ್ನು ಸೇರಿಸುತ್ತಾ ಹೋದರೆ, ಎಲ್ಲ ಧನ ಭಿನ್ನರಾಶಿಗಳೂ ಅತಿ ಚಿಕ್ಕ ರೂಪದಲ್ಲಿ ಒಂದೊಂದೇ ಸಲ ಬರುವ, ಕವಲೊಡೆಯುವ ಒಂದು ಮರದಂಥ ಚಿತ್ರ ಬೆಳೆಯುತ್ತದೆ. ಸ್ಟರ್ನ್ ಎಂಬ ಗಣಿತಜ್ಞ 1858ರಲ್ಲಿ ಇದರ ಬಗ್ಗೆ ಬರೆದ. ಅವನ ಕೆಲಸದ ಸುದ್ದಿಯೇ ಇಲ್ಲದೆ 1861ರಲ್ಲಿ ಗಡಿಯಾರ ಮಾಡುವ ಬ್ರೋಕೋ, ಹಲ್ಲಿನ ಚಕ್ರಗಳ ಅನುಪಾತ ಹುಡುಕಲು ಇದೇ ದಾರಿ ಹಿಡಿದ. ನೀವು ಎಂಜಿನಿಯರ್ ಅಂದಿರಲ್ಲ, ಗೇರ್ ತಂದು ತೋರಿಸಿ. ನೀವು ತಪ್ಪು ಅಂದುಕೊಂಡಿದ್ದನ್ನು ಒಬ್ಬ ಗಡಿಯಾರದವನು ಕೆಲಸಕ್ಕೆ ಬಳಸಿದ ಅಂತ ಹೇಳಿದಾಗ ಆ 15 ಮಕ್ಕಳ ಮುಖ ನೋಡಬೇಕು.

ಛೇದ ಸಮ ಮಾಡುವುದನ್ನೂ ಕಲಿಸಿ, ಬಿಡಬೇಡಿ. ಆದರೆ ಯಾವುದು ದೊಡ್ಡದು ಅಂತ ಜಗಳ ಬಂದಾಗ ಕಲಿಸಿ. ಆಗ ಅದು ಜಗಳ ಬಿಡಿಸುವ ಸಾಧನ ಆಗುತ್ತದೆ.

ಒಂದೇ ವಿಷಯ ಸಾಕು ಅನ್ನುವವರು:

ಮೇಲಿನ ಇಬ್ಬರ ಮಾತೂ ಸರಿ, ಆದರೆ ನನಗೊಂದು ತಕರಾರಿದೆ. ದಿನಕ್ಕೊಂದು ಚಮತ್ಕಾರ ತೋರಿಸುವ ಶಿಬಿರ ಆಗಬಾರದು. ನಾನು ಹಾಗೆ ಮಾಡಿದ್ದೆ. ಸೋಮವಾರ ಗಣಿತಜ್ಞ ಕಾಪ್ರೇಕರ್ ಕಂಡುಹಿಡಿದ 6174 ಎಂಬ ಸಂಖ್ಯೆಯ ಚಮತ್ಕಾರ, ಮಂಗಳವಾರ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟುವ ಒಗಟು, ಬುಧವಾರ ಇನ್ನೇನೋ. ಮಕ್ಕಳು ಖುಷಿಯಾಗಿ "ಓಹ್" ಅಂದರು, ಮನೆಗೆ ಹೋದರು. ವಾರದ ಕೊನೆಗೆ ಕೇಳಿದರೆ ಯಾವುದೂ ಕೈಯಲ್ಲಿ ಉಳಿದಿರಲಿಲ್ಲ. ಒಂದು ಇನ್ನೊಂದರ ಮೇಲೆ ನಿಲ್ಲಬೇಕು. ಅಮೆರಿಕದಲ್ಲಿ ಆರ್ನಾಲ್ಡ್ ರಾಸ್ ಎಂಬ ಗಣಿತಜ್ಞ 1957ರಲ್ಲಿ ಶುರು ಮಾಡಿದ ಬೇಸಿಗೆ ಶಿಬಿರದಲ್ಲಿ ಮೊದಲ ಸಲ ಬಂದವರಿಗೆ ಇಡೀ ಬೇಸಿಗೆ ನಂಬರ್ ಥಿಯರಿಯೇ. ಅವರು ಹೈಸ್ಕೂಲ್ ಮಕ್ಕಳು, ನಿಮ್ಮವರಿಗಿಂತ ದೊಡ್ಡವರು, ಅದು ಬೇರೆ ಮಾತು. ಆದರೂ ಒಂದೇ ಬಾವಿ ಆಳಕ್ಕೆ ತೋಡುವುದು ಒಳ್ಳೇದು.

ನಾನೀಗ ಮೂರು ವಾರವೂ ಸಂಖ್ಯೆಯ ಕೊನೆಯ ಅಂಕಿಯನ್ನಷ್ಟೇ ಹಿಡಿದು ಹೋಗುತ್ತೇನೆ. 0ಯಿಂದ 9ರವರೆಗಿನ ಅಂಕಿಗಳನ್ನು ಗಡಿಯಾರದ ಹಾಗೆ ವೃತ್ತದಲ್ಲಿ ಬರೆಯುತ್ತೇವೆ. ಒಂದು ಗುಪ್ತ ನಂಬರ್ ಕಳಿಸಬೇಕು. ಪ್ರತಿ ಅಂಕಿಯನ್ನೂ 3ರಿಂದ ಗುಣಿಸಿ, ಕೊನೆಯ ಅಂಕಿ ಮಾತ್ರ ಬರೆ. 4 ಇದ್ದದ್ದು 2 ಆಗುತ್ತದೆ, 7 ಇದ್ದದ್ದು 1 ಆಗುತ್ತದೆ. ಇನ್ನೊಂದು ಗುಂಪು ಅದನ್ನು ಒಡೆಯಬೇಕು. 2ರಿಂದ ಗುಣಿಸಿದ ಗುಂಪಿಗೆ ಆಪತ್ತು: 1 ಮತ್ತು 6 ಎರಡೂ 2 ಆಗಿಬಿಡುತ್ತವೆ, ವಾಪಸ್ ಬರಲು ದಾರಿಯೇ ಇಲ್ಲ. ಯಾವ್ಯಾವ ಅಂಕಿ ನಡೆಯುತ್ತದೆ ಅಂತ ಹುಡುಕಿಸಿ. 1, 3, 7, 9. ಇಷ್ಟೇ ಯಾಕೆ? 3ರಿಂದ ಮುಚ್ಚಿದ್ದನ್ನು 7ರಿಂದ ಗುಣಿಸಿದರೆ ತೆರೆಯುತ್ತದೆ, ಯಾಕಂದರೆ 3 ಸಲ 7 ಅಂದರೆ 21, ಕೊನೆಯ ಅಂಕಿ 1. ಇದಕ್ಕೆ ಬೇಕಾಗಿರೋದು ಮಗ್ಗಿ ಒಂದೇ. ಮಾಡುತ್ತಿರೋದು ಮಾತ್ರ ಕಾಲೇಜಿನಲ್ಲಿ ಓದುವ ಗಣಿತ.

ಪ್ರಶ್ನೆ ಕೇಳಿದವರು:

ಧನ್ಯವಾದ. ಇನ್ನೊಂದು ಕೇಳಬೇಕು. ಮೂರ್ನಾಲ್ಕು ಮಕ್ಕಳು ತುಂಬಾ ಚುರುಕು. ಅವರು ಉತ್ತರ ಕೂಗಿಬಿಟ್ಟರೆ ಉಳಿದವರು ಪೆನ್ಸಿಲ್ ಕೆಳಗಿಡುತ್ತಾರೆ. ಏನು ಮಾಡೋದು?

ಐದು ಬೇಸಿಗೆ ಶಿಬಿರ ಮಾಡಿದವರು:

ಕೂಗಿದವರಿಗೆ ಭೇಷ್ ಅನ್ನಬೇಡಿ. "ಯಾಕೆ" ಅಂತ ಕೇಳಿ. ಉತ್ತರ ಸರಿ ಇದ್ದಾಗಲೂ ಕೇಳಿ, ತಪ್ಪಿದ್ದಾಗಲೂ ಅದೇ ಮುಖದಲ್ಲಿ ಕೇಳಿ. ನಿಮ್ಮ ಮುಖ ನೋಡಿ ಉತ್ತರ ಸರಿಯೋ ತಪ್ಪೋ ಗೊತ್ತಾಗಬಾರದು. ಇದು ರೂಢಿಯಾಗಲು ನನಗೇ ಎರಡು ಬೇಸಿಗೆ ಬೇಕಾಯಿತು. ಕಾಗದದ ಬದಲು ಸ್ಲೇಟ್ ಕೊಡಿ. ಒರೆಸಬಹುದು ಅಂದರೆ ಬರೆಯುವ ಧೈರ್ಯ ಬರುತ್ತದೆ.

ಶಾಲಾ ಟೀಚರ್ ಒಬ್ಬರು:

ಚುರುಕಿನವರಿಗೆ 3n+1 ಕೊಡಿ. ಸಮಸಂಖ್ಯೆ ಇದ್ದರೆ ಅರ್ಧ ಮಾಡು, ಬೆಸ ಇದ್ದರೆ ಮೂರರಿಂದ ಗುಣಿಸಿ ಒಂದು ಕೂಡಿಸು. ಕೊನೆಗೆ 1 ಬರುತ್ತದಾ? 27ರಿಂದ ಶುರು ಮಾಡಿಸಿ. 9232ರವರೆಗೆ ಹತ್ತಿ, 111 ಹೆಜ್ಜೆಯಾದ ಮೇಲೆ 1ಕ್ಕೆ ಇಳಿಯುತ್ತದೆ. ನಾವು ಎರಡು ಗುಂಪು ಮಾಡಿ ಗೋಡೆಗೆ ಕಾಗದ ಅಂಟಿಸಿ ಬರೆಸಿದ್ದೆವು. ಇಬ್ಬರೂ 1ಕ್ಕೆ ಬಂದರು, ಹೆಜ್ಜೆ ಮಾತ್ರ ಬೇರೆ ಬೇರೆ. ಯಾರದ್ದು ತಪ್ಪು ಅಂತ ಹುಡುಕಿದ್ದೇ ಆ ದಿನದ ಅತ್ಯುತ್ತಮ ಪಾಠ. ಎಲ್ಲ ಸಂಖ್ಯೆಗೂ ಹೀಗೇ ಆಗುತ್ತದೆ ಅಂತ ಪ್ರಪಂಚದಲ್ಲಿ ಇನ್ನೂ ಯಾರೂ ಸಾಧಿಸಿಲ್ಲ ಎಂದೆ. "ಮತ್ತೆ ನೀವು ಯಾಕೆ ಕೊಟ್ರಿ?" ಅಂತ ಒಬ್ಬಳು ಸಿಟ್ಟಾದಳು!

ಇಂಥ ಶಿಬಿರಕ್ಕೆ ಹೋಗಿದ್ದವರು:

ನಾನು ಕಲಿಸಿದವಳಲ್ಲ, ಏಳನೇ ತರಗತಿಯಲ್ಲಿ ಇಂಥದ್ದೇ ಶಿಬಿರದಲ್ಲಿ ಕೂತವಳು. ಮಗುವಿನ ಕಡೆಯಿಂದ ಎರಡು ಮಾತು.

"ಇದು ಸುಲಭ" ಅನ್ನಬೇಡಿ. ಧೈರ್ಯ ತುಂಬಲು ಹೇಳುತ್ತೀರಿ, ಗೊತ್ತು. ಆದರೆ ಸುಲಭದ್ದೂ ಬರಲಿಲ್ಲವಲ್ಲ ಅಂತ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತಿತ್ತು. "ಇದು ಕಷ್ಟ, ನನಗೂ ಹೊತ್ತು ಹಿಡಿಯಿತು" ಅಂದ ಮೇಡಂ ಒಬ್ಬರೇ ಇವತ್ತಿಗೂ ನೆನಪಿರೋದು. ಪ್ರಶ್ನೆಯನ್ನು ಗಟ್ಟಿಯಾಗಿ ಓದಿ ಹೇಳಿ. ಎಷ್ಟೋ ಸಲ ನನಗೆ ಲೆಕ್ಕ ಬರುತ್ತಿತ್ತು, ವಾಕ್ಯ ಅರ್ಥವಾಗುತ್ತಿರಲಿಲ್ಲ.

ಇನ್ನೊಂದು, ಶಿಬಿರ ಮುಗಿದ ಮೇಲೆ ಏನು? ನನಗೆ ಅದು ಏಣಿ ಹತ್ತಿಸಿ ಕೆಳಗಿನಿಂದ ಏಣಿ ಎಳೆದ ಹಾಗಾಗಿತ್ತು. ಶಾಲೆಗೆ ವಾಪಸ್ ಹೋದೆ, "ಯಾಕೆ" ಅಂತ ಕೇಳಿದೆ, ಬಾಯಿಪಾಠ ಮಾಡು ಅಂದರು. ಮಾತಾಡಲು ಯಾರೂ ಇರಲಿಲ್ಲ. ತಿಂಗಳಿಗೊಂದು ಭಾನುವಾರ ಸೇರಿಸಿ, ಇಲ್ಲವೇ ಇಬ್ಬಿಬ್ಬರ ಜೋಡಿ ಮಾಡಿ ಕಳಿಸಿ. ಮರುವರ್ಷ ಅದೇ ಮಕ್ಕಳನ್ನು ಸಹಾಯಕ್ಕೆ ಕರೆಯಿರಿ. ಮತ್ತೆ, ಯಾರಾದರೂ ಬರಲಿಲ್ಲ ಅಂದರೆ ಆಸಕ್ತಿ ಇಲ್ಲ ಅಂತ ಬರೆದುಕೊಳ್ಳಬೇಡಿ. ನಾನು ಎರಡು ದಿನ ತಪ್ಪಿಸಿದ್ದು ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ ಅಂತ.

ಪ್ರಶ್ನೆ ಕೇಳಿದವರು, ನಾಲ್ಕನೇ ದಿನದ ನಂತರ:

ಕಡ್ಡಿ ಆಟದಲ್ಲಿ ಮೂರು ಸಲ ಸೋತೆ. ತಮ್ಮನನ್ನು ಕರೆದುಕೊಂಡೇ ಬಾ ಅಂತ ಒಬ್ಬಳಿಗೆ ಹೇಳಿದೆ, ಅವನೂ ಕಡ್ಡಿ ಎಣಿಸುತ್ತಾ ಕೂತಿದ್ದಾನೆ. ಉದ್ದ ಪಟ್ಟಿ ಹರಿದು ಹಾಕಿದ್ದೇನೆ, 2/5 ಮಾತ್ರ ಉಳಿದಿದೆ.

ಆದರೆ ಇವತ್ತು ಸಿಕ್ಕಿಬಿದ್ದೆ. ಒಬ್ಬ ಹುಡುಗ ಎದ್ದು ನಿಂತು, "ಸರ್, 1/2 ಅಂದ್ರೆ 2/4 ತಾನೆ? ಹಾಗೆ ಬರೆದ್ರೆ 1/3ರ ಜೊತೆ ಸೇರಿ 3/7 ಬರುತ್ತೆ. 2/5 ಬರಲ್ಲ. ಒಂದೇ ನಂಬರ್, ಉತ್ತರ ಎರಡು ಹೇಗೆ?" ಅಂದ. ನಾಳೆ ಹೇಳ್ತೀನಿ ಅಂದೆ. ಬೆಳಿಗ್ಗೆ ಒಂಬತ್ತಕ್ಕೆ ಕ್ಲಾಸ್ ಇದೆ. ಯಾರಾದ್ರೂ ಹೇಳ್ರಪ್ಪಾ.

ಶಾಲಾ ಟೀಚರ್ ಒಬ್ಬರು:

ಹೇಳಬೇಡಿ. 3/6 ಹಾಕಿ ನೋಡು, 4/8 ಹಾಕಿ ನೋಡು ಅನ್ನಿ. 4/9 ಬರುತ್ತದೆ, 5/11 ಬರುತ್ತದೆ. ಎಲ್ಲವನ್ನೂ ಒಂದೇ ಗೆರೆಯ ಮೇಲೆ ಗುರುತು ಮಾಡಿಸಿ. ಎತ್ತ ಕಡೆ ಓಡುತ್ತಿವೆ ಅಂತ ಅವನೇ ನಿಮಗೆ ಹೇಳುತ್ತಾನೆ.